ಕಚ್ಚಿ ನೋಡದ ಚೆಂಡು

ಆ ದಿನ ಬೆಳಿಗ್ಗೆ ಜೀರುಂಡೆ ಸದ್ದಿಲ್ಲದೆ ಬಂದಳು.

ಮನೆಯವರು ಅವಳನ್ನು ಹಾಗೆ ಕರೆಯುತ್ತಿದ್ದುದಕ್ಕೆ ಕಾರಣವಿತ್ತು. ಆರು ವರ್ಷದ ಆ ಹುಡುಗಿಗೆ ಮಾತಿರಲಿಲ್ಲ. ಮಾತಿನ ಜಾಗದಲ್ಲಿ ಒಂದು ಗುಂಯ್‌ಗುಡುವಿಕೆ ಇತ್ತು. ಕಣ್ಣು ಬಿಟ್ಟಾಗಿನಿಂದ ನಿದ್ದೆ ಹತ್ತುವವರೆಗೆ, ಬಾಯಿ ಮುಚ್ಚಿಕೊಂಡೇ ಮೂಗಿನಿಂದ ಹೊರಡುವ ಒಂದೇ ಎಳೆಯ ಸದ್ದು. ಕೆಳಗೆ ಮೆಟ್ಟಿಲ ಬಳಿ ಅವಳ ತಾತ ಚಪ್ಪಲಿ ಬಿಚ್ಚಿಸುತ್ತಿರುವಾಗಲೇ ಮೇಲಿನ ಮಹಡಿಯವರಿಗೆ ಅವಳು ಬಂದದ್ದು ಗೊತ್ತಾಗುತ್ತಿತ್ತು. ಆ ದಿನ ಮಾತ್ರ ಆಟಿಕೆ ಕೋಣೆಯ ಹೆಂಗಸು ತಲೆಯೆತ್ತಿದ್ದು ಹುಡುಗಿ ಬಾಗಿಲಲ್ಲಿ ಬಂದು ನಿಂತು ಎಷ್ಟೋ ಹೊತ್ತಾದ ಮೇಲೆ.

"ಇದೇನು ತಾತ, ರೇಡಿಯೋ ಬಂದ್ ಆಗಿದೆ?"

"ಬ್ಯಾಟರಿ ಉಳಿಸ್ತಿದ್ದಾಳೆ ಕಣಮ್ಮ," ಎಂದ ತಾತ ಏದುಸಿರು ಬಿಡುತ್ತ. "ಎಲ್ಲ ನಿಮ್ಮ ಚೆಂಡಿನ ಮಹಿಮೆ. ಎರಡು ದಿನದಿಂದ ಮನೇಲಿ ಗಡಿಯಾರದ ಟಿಕ್ ಟಿಕ್ ಕೇಳಿಸ್ತಿದೆ ಅಂದ್ರೆ ನೋಡಿ."

ಹುಡುಗಿಯ ಕೈಯಲ್ಲಿ ಚೆಂಡು ಇತ್ತು. ತಿಳಿನೀಲಿ, ಅರೆಪಾರದರ್ಶಕ, ಮುಷ್ಟಿಗೆ ಸರಿಯಾಗಿ ಕೂರುವಷ್ಟು. ಒಳಗೆಲ್ಲ ಗುಳ್ಳೆಗಳು. ಅವಳು ಅದನ್ನು ಹಿಸುಕುತ್ತಿರಲಿಲ್ಲ. ಸುಮ್ಮನೆ ಹಿಡಿದುಕೊಂಡಿದ್ದಳು.

ಕೇಂದ್ರ ಆಟಿಸಂ ಇರುವ ಮಕ್ಕಳದು. ಒಂದು ಹಳೆಯ ವಾಸದ ಮನೆಯ ಗೋಡೆಗಳನ್ನು ಅಲ್ಲಲ್ಲಿ ಒಡೆದು ಮಾಡಿಕೊಂಡದ್ದು. ಮೇಲಿನ ಮಹಡಿಯಲ್ಲಿ, ಹಿಂದೆ ಯಾರದೋ ಮಲಗುವ ಕೋಣೆಯಾಗಿದ್ದಲ್ಲಿ, ಈಗ ಆಟಿಕೆಗಳ ಕಪಾಟುಗಳಿವೆ. ಅಂಗಡಿಯಲ್ಲಿ ಜೋಡಿಸುವಂತೆ ಬಣ್ಣ, ಗಾತ್ರ ನೋಡಿ ಅಲ್ಲಿ ಜೋಡಿಸಿಲ್ಲ. ಒಂದು ಕಪಾಟು ಬಾಯಿಗೆ, ಒಂದು ಬೆರಳಿಗೆ, ಒಂದು ಕಿವಿಗೆ, ಒಂದು ಕಣ್ಣಿಗೆ. ಕಿಟಕಿಯ ಕೆಳಗಿನ ದೊಡ್ಡ ಪೆಟ್ಟಿಗೆ ಇಡೀ ಮೈಗೆ: ತೊಡೆಯ ಮೇಲೆ ಹಾಕಿಕೊಳ್ಳುವ ಭಾರದ ದಿಂಬುಗಳು, ಮೈಗೆ ಬಿಗಿಯಾಗಿ ಸುತ್ತುವ ಬಟ್ಟೆಗಳು. ಯಾವ ಮಗುವಿಗೆ ಯಾವ ಕಪಾಟಿನಿಂದ ಏನು ಎಂದು ಆರಿಸುವುದು ಆ ಹೆಂಗಸಿನ ಕೆಲಸ. ತಾಯಂದಿರು ಅವಳಿಗೆ ಕೊಟ್ಟ ಹೆಸರು ಕಚ್ಚಕ್ಕ.

ಹೆಸರಿನಲ್ಲಿ ಉತ್ಪ್ರೇಕ್ಷೆ ಇಲ್ಲ. ಹೊಸ ಆಟಿಕೆ ಬಂದರೆ ಆಕೆ ಮೊದಲು ಮೂಸುತ್ತಾಳೆ, ಜಗ್ಗುತ್ತಾಳೆ, ಮೆಟ್ಟಿಲ ಮೇಲಿಂದ ಕೆಳಕ್ಕೆ ಎಸೆಯುತ್ತಾಳೆ, ಬಿಸಿನೀರಿಗೆ ಹಾಕುತ್ತಾಳೆ. ಕೊನೆಗೆ ದವಡೆ ಹಲ್ಲಿನ ನಡುವೆ ಇಟ್ಟು, ಕಣ್ಣು ಮುಚ್ಚಿಕೊಂಡು, ಮೂಳೆ ಕಡಿಯುವ ನಾಯಿಯ ಹಾಗೆ ಕಡಿಯುತ್ತಾಳೆ. ಮಗು ಎಂಥ ಹಟಮಾರಿ ಆದರೂ ತನಗಿಂತ ಜೋರಾಗಿ ಕಚ್ಚಲಾರದು ಎಂಬುದು ಅವಳ ಲೆಕ್ಕ. ಸಂಜೆ ಮನೆಗೂ ಒಂದೆರಡನ್ನು ಒಯ್ಯುತ್ತಾಳೆ. ಅವಳ ಜೊತೆಗಿರುವ ಅಕ್ಕ ಅದನ್ನು ನೋಡಿ, "ಈ ವಯಸ್ಸಲ್ಲಿ ನಿಂಗೆ ಹಲ್ಲು ಬರ್ತಿದೆಯೇನೇ? ಇರೋದು ಉದುರೋ ಕಾಲ," ಎನ್ನುತ್ತಾಳೆ.

ಇದನ್ನು ಅವಳಿಗೆ ಯಾರೂ ಕಲಿಸಿಕೊಟ್ಟದ್ದಲ್ಲ. ಮೊದಲು ಅವಳು ಒಂದು ದೊಡ್ಡ ಆಟಿಕೆ ಅಂಗಡಿಯಲ್ಲಿ ನಿಂತುಕೊಂಡೇ ವರ್ಷಗಳನ್ನು ಕಳೆದವಳು. ಅಲ್ಲಿಗೆ ಒಬ್ಬ ತಾಯಿ ಬರುತ್ತಿದ್ದಳು. ಇವತ್ತು ಒಯ್ದದ್ದನ್ನು ನಾಳೆ ವಾಪಸ್ ತರುವವಳು. ಸದ್ದು ಮಾಡುವ ರೈಲು ತಂದರೆ ಮಗ ಕಿವಿ ಮುಚ್ಚಿಕೊಂಡು ಗೋಡೆಗೆ ತಲೆ ಚಚ್ಚಿಕೊಂಡನಂತೆ. ಉಣ್ಣೆಯ ಕರಡಿ ತಂದರೆ ಬೆಂಕಿ ಮುಟ್ಟಿದವನ ಹಾಗೆ ಕೈ ಕೊಡವಿದನಂತೆ. ಅಂಗಡಿಯವರೆಲ್ಲ ಆಕೆಯನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಇವಳಿಗೆ ಮಾತ್ರ, ಆ ಮಗುವಿಗೆ ಏನು ಬೇಕಾಗಿದೆ ಎಂಬ ಪ್ರಶ್ನೆ ತಲೆಗೆ ಹೊಕ್ಕಿತು. ಕೊನೆಗೆ ಅವನಿಗೆ ಹಿಡಿಸಿದ್ದು ಅಂಗಡಿಯ ಪೆಟ್ಟಿಗೆಗಳಿಗೆ ಸುತ್ತುತ್ತಿದ್ದ ಅಗಲ ರಬ್ಬರ್ ಪಟ್ಟಿ. ಅದನ್ನು ಕಾಲಿಗೆ ಸಿಕ್ಕಿಸಿಕೊಂಡು ಎಳೆಯುತ್ತ ಅವನು ಊಟ ಮುಗಿಸಿದನಂತೆ. ಆ ತಾಯಿಯೇ ಆಮೇಲೆ ಈ ಕೇಂದ್ರಕ್ಕೆ ಇವಳ ಹೆಸರು ಹೇಳಿದ್ದು.

ಜೀರುಂಡೆಗೆ ಚೆಂಡು ಸಿಕ್ಕಿದ್ದು ಸುಲಭಕ್ಕಲ್ಲ. ಅವಳು ಬಾಯಿಯ ಮಗು. ಬಟ್ಟೆಯ ಕಾಲರು, ಕುರ್ಚಿಯ ಅಂಚು, ತಾತನ ಕನ್ನಡಕದ ಕಡ್ಡಿ, ಯಾವುದೂ ಉಳಿಯುತ್ತಿರಲಿಲ್ಲ. ಕಚ್ಚಲು ಕೊಟ್ಟದ್ದನ್ನು ಎಸೆಯುತ್ತಿದ್ದಳು. ಹಿಸುಕಲು ಕೊಟ್ಟದ್ದನ್ನು ಕಚ್ಚುತ್ತಿದ್ದಳು. ಕಚ್ಚಕ್ಕ ತಿಂಗಳುಗಟ್ಟಲೆ ಒಂದೊಂದನ್ನೇ ಕೊಟ್ಟು, ದೂರ ಕೂತು, ಬೆರಳು ನೋಡಿದಳು, ದವಡೆ ನೋಡಿದಳು. ಕೊನೆಗೆ ಈ ಚೆಂಡು. ಒಳಗೆ ಏನೂ ತುಂಬಿರದ, ಇಡಿಯಾಗಿ ಒಂದೇ ಅಚ್ಚಿನಲ್ಲಿ ಎರೆದ ಮೆತ್ತನೆಯ ಸಿಲಿಕಾನ್. ಗುಳ್ಳೆಗಳು ಎರೆಯುವಾಗಲೇ ಒಳಗೆ ಸಿಕ್ಕಿಕೊಂಡ ಗಾಳಿ. ಹುಡುಗಿ ಅದನ್ನು ಕೆನ್ನೆಗೆ ಒತ್ತಿಕೊಂಡು, ಗುಂಯ್‌ಗುಡುತ್ತಲೇ, ಮೊದಲ ಸಲ ಒಂದೆಡೆ ಕೂತಳು.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ಇಂಥ ಮಕ್ಕಳಿಗೆ ಹೊಸದು ಎನ್ನುವುದೇ ಒಂದು ಪೆಟ್ಟು. ಅದೇ ಆಟಿಕೆಯ ಇನ್ನೊಂದನ್ನು ತಂದುಕೊಟ್ಟರೂ ಒಪ್ಪುವುದಿಲ್ಲ. ವಾಸನೆ ಬೇರೆ, ನುಣುಪು ಬೇರೆ. ಅದಕ್ಕೆ ಕಚ್ಚಕ್ಕ ಮನೆಯವರಿಗೆಲ್ಲ ಒಂದು ಪಾಠ ಹೇಳುತ್ತಿದ್ದಳು. ಜೋಡಿ ಇರಲಿ, ಒಂದು ತೊಳೆಯಲು ಹೋದಾಗ ಇನ್ನೊಂದು ಕೈಯಲ್ಲಿರಲಿ. ಆದರೆ ಎರಡನೆಯದನ್ನು ಹಾಗೇ ಕೊಡಬೇಡಿ, ಹಳೆಯದು ಮಾಡಿ ಕೊಡಿ. ಬಿಸಿನೀರಲ್ಲಿ ಅದ್ದಿ ಅಂಗಡಿಯ ವಾಸನೆ ತೆಗೆಯಿರಿ, ಒರಟು ಬಟ್ಟೆಯಲ್ಲಿ ತಿಕ್ಕಿ, ಮಗುವಿನ ದಿಂಬಿನ ಕೆಳಗಿಡಿ, ಮನೆಯ ವಾಸನೆ ಹಿಡಿಯಲಿ. ಜೀರುಂಡೆಯ ಚೆಂಡಿನ ಜೋಡಿ ಮಾತ್ರ ಇನ್ನೂ ಬಂದಿರಲಿಲ್ಲ. ತಾತ ಕೇಳಿದಾಗಲೆಲ್ಲ ಕಚ್ಚಕ್ಕ, "ಬರುತ್ತೆ ತಾತ, ಹೇಳಿದ್ದೀನಿ," ಎನ್ನುತ್ತಿದ್ದಳು. ಆಮೇಲೆ ಅವನು ಕೇಳುವುದನ್ನು ಬಿಟ್ಟ. ಬಿಟ್ಟದ್ದನ್ನು ಅವಳು ಗಮನಿಸಲಿಲ್ಲ.

ಸದ್ದಿಲ್ಲದ ಆ ಬೆಳಿಗ್ಗೆ ಹುಡುಗಿ ಉಯ್ಯಾಲೆಗೆ ಹೋಗಲಿಲ್ಲ. ಗೋಡೆಗೆ ಒರಗಿ, ಮೊಣಕಾಲು ಹೊಟ್ಟೆಗೆ ಎಳೆದುಕೊಂಡು ಕೂತಳು. ಕೇಂದ್ರ ನಡೆಸುವ ಮೇಡಂ ಅದೇ ಹೊತ್ತಿಗೆ ಬಂದರು. ಬಾಗಿಲಲ್ಲೇ ನಿಂತು, ಕೈ ಎದೆಯ ಮೇಲಿಟ್ಟುಕೊಂಡು ನೋಡಿದರು.

"ಕೂತಿದ್ದಾಳೆ. ನಮ್ಮ ಜೀರುಂಡೆ ಕೂತಿದ್ದಾಳೆ," ಎಂದರು ಪಿಸುದನಿಯಲ್ಲಿ. "ಎಷ್ಟು ಜನ ಕೈಚೆಲ್ಲಿದ್ರು ಇವಳ ವಿಷಯದಲ್ಲಿ. ನೀವು ಸಾಧಿಸಿಬಿಟ್ರಿ."

"ಯಾಕೋ ಸಪ್ಪಗಿದ್ದಾಳೆ ಮೇಡಂ."

"ಸಪ್ಪಗಲ್ಲ ರೀ, ಶಾಂತವಾಗಿದ್ದಾಳೆ. ನಾವು ಶಾಂತಿ ನೋಡಿ ಎಷ್ಟು ದಿನ ಆಯ್ತೋ, ಗುರುತೇ ಸಿಗ್ತಿಲ್ಲ." ಮೇಡಂ ಫೋನು ತೆಗೆದು, ಬೇರೆ ತಾಯಂದಿರಿಗೆ ತೋರಿಸಲೆಂದು ಹುಡುಗಿಯ ವಿಡಿಯೋ ಮಾಡಿಕೊಂಡರು.

ಹೊಗಳಿಕೆ ಎಂಬುದು ಬಿಸಿ ಹಾಲಿನ ಹಾಗೆ. ಕುಡಿಯುವಾಗ ಬೇರೆ ಏನೂ ತೋಚುವುದಿಲ್ಲ. ಕಚ್ಚಕ್ಕನ ಮನಸ್ಸಿನ ಮೂಲೆಯಲ್ಲಿ ಏನೋ ಚುಚ್ಚುತ್ತಿತ್ತು. ಅವಳು ಅದನ್ನು ಅಲ್ಲಿಯೇ ಬಿಟ್ಟು ಕಪಾಟು ಒರೆಸಲು ಎದ್ದಳು. ಹುಡುಗಿಯ ತುಟಿಯ ತುದಿಯಿಂದ ಜೊಲ್ಲು ಇಳಿದು ಅಂಗಿಯ ಎದೆ ಒದ್ದೆಯಾಗಿತ್ತು. ನುಂಗುವುದನ್ನು ಮರೆತವಳಂತೆ.

ಮಾರನೆಯ ದಿನ ಹುಡುಗಿ ಬರಲಿಲ್ಲ. ಮಧ್ಯಾಹ್ನ ಅವಳ ತಾಯಿಯ ಫೋನು ಬಂತು. ಆಕೆ ಒಂದು ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಯಾವಾಗ ಮಾತಾಡಿದರೂ ಹಿಂದೆ ಹಬೆಯ ಸದ್ದು ಕೇಳಿಸುತ್ತಿತ್ತು. ಈಗ ಕೇಳಿಸಲಿಲ್ಲ.

"ಅಕ್ಕ, ಆಸ್ಪತ್ರೇಲಿದ್ದೀವಿ. ಬೆಳಿಗ್ಗೆಯಿಂದ ಹಸಿರು ವಾಂತಿ. ಡಾಕ್ಟರು ಆಟಿಕೆ ಬಗ್ಗೆ ಕೇಳ್ತಿದ್ದಾರೆ. ನಂಗೆ ಏನು ಹೇಳ್ಬೇಕು ಗೊತ್ತಾಗ್ತಿಲ್ಲ. ನೀವು ಬರ್ತೀರಾ?"

ಮಕ್ಕಳ ವಾರ್ಡು ಉದ್ದನೆಯ ಹಜಾರ. ಒಂದು ತುದಿಯಲ್ಲಿ ದಾದಿಯರ ಮೇಜು, ಇನ್ನೊಂದು ತುದಿಯಲ್ಲಿ ಕೈತೊಳೆಯುವ ತೊಟ್ಟಿ, ನಡುವೆ ಹಸಿರು ಪರದೆಗಳು. ಜೀರುಂಡೆ ಮಲಗಿದ್ದಳು. ಸೂಜಿ ಚುಚ್ಚಿದಾಗಲೂ ಕೊಸರಾಡಲಿಲ್ಲವಂತೆ. ದಾದಿ, "ಎಷ್ಟು ಒಳ್ಳೆ ಮಗು," ಎಂದಳಂತೆ. ಅದನ್ನು ಹೇಳುತ್ತ ತಾಯಿ ಮಗಳ ಹೊದಿಕೆ ಸರಿಮಾಡಿದಳು. ತನ್ನ ಮಗಳನ್ನು ಯಾರಾದರೂ ಹಾಗೆ ಅಂದದ್ದು ಅದೇ ಮೊದಲು.

ಡಾಕ್ಟರು ಆತುರವಿಲ್ಲದ ಮನುಷ್ಯ. ಹೊಟ್ಟೆಯ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ನಿಂತಿದ್ದ.

"ಏನಾದ್ರೂ ನುಂಗಿದ್ದಾಳಾ ಅನ್ನೋದು ನನ್ನ ಅನುಮಾನ," ಎಂದ. "ಎಕ್ಸ್‌ರೇಯಲ್ಲಿ ಏನೂ ಕಾಣ್ತಿಲ್ಲ. ಆದ್ರೆ ಎಲ್ಲಾ ವಸ್ತುನೂ ಅದರಲ್ಲಿ ಕಾಣಲ್ಲ. ಇವಳ ಕೈಲಿರೋದು ಏನು?"

"ಅದು ಅಕ್ಕ ಕೊಟ್ಟಿದ್ದು ಸರ್," ಎಂದಳು ತಾಯಿ. "ಅಕ್ಕ ಕೊಟ್ಟಿದ್ದಲ್ಲದೆ ಬೇರೆ ಯಾವುದೂ ಇವಳ ಹತ್ರ ಇಲ್ಲ."

ಡಾಕ್ಟರು ಹುಡುಗಿಯ ಬೆರಳು ಬಿಡಿಸಿ ಚೆಂಡನ್ನು ಕಚ್ಚಕ್ಕನ ಕೈಗಿಟ್ಟ. ಅವಳು ಹೆಬ್ಬೆರಳಿನಿಂದ ಒತ್ತಿದಳು, ತಿರುಗಿಸಿದಳು, ಮೂಸಿದಳು. ಹುಡುಗಿಯ ಎಣ್ಣೆಗೂದಲು, ಸೋಪು, ಹಾಸಿಗೆಯ ಬೆಚ್ಚಗಿನ ವಾಸನೆ. ಚೆಂಡಿನ ಮೈಯ ಮೇಲೆ ತಿಂಗಳುಗಟ್ಟಲೆ ಆಡಿದ ಮಬ್ಬು. ಅಭ್ಯಾಸಬಲದಿಂದ ಅದನ್ನು ಬಾಯಿಯ ಹತ್ತಿರ ತಂದಳು. ಡಾಕ್ಟರು ನೋಡುತ್ತಿದ್ದ. ಪಕ್ಕದ ಹಾಸಿಗೆಯ ಹೆಂಗಸೂ ಪರದೆಯ ಸಂದಿಯಿಂದ ನೋಡುತ್ತಿದ್ದಳು. ಇಷ್ಟು ಜನರ ಮುಂದೆ, ವಾಂತಿ ಮಾಡಿದ ಮಗುವಿನ ಚೆಂಡನ್ನು ಬಾಯಿಗಿಡುವುದೇ? ಅವಳಿಗೆ ನಾಚಿಕೆಯಾಯಿತು. ಕೈ ಇಳಿಸಿದಳು.

"ಇದರೊಳಗೆ ಏನೂ ಇಲ್ಲ ಸರ್. ಇಡೀ ಒಂದೇ ಅಚ್ಚು. ನಾನೇ ಆರಿಸಿದ್ದು."

"ಖಾತ್ರಿನಾ?"

"ನೂರಕ್ಕೆ ನೂರು."

ಪರದೆಯ ಆಚೆ ಬೆಂಚಿನ ಮೇಲೆ ತಾತ ಕೂತಿದ್ದ. ಆಯುಷ್ಯವೆಲ್ಲ ಗಡಿಯಾರ ರಿಪೇರಿ ಮಾಡಿದ ಮನುಷ್ಯ. ಕೂದಲೆಳೆಯ ಸ್ಪ್ರಿಂಗನ್ನೂ ಸದ್ದಿಲ್ಲದೆ ಎತ್ತಿಡುವ ಕೈ. ಆ ಕೈಗಳು ಈಗ ಅವನ ಮೊಣಕಾಲ ಮೇಲೆ ಒಂದನ್ನೊಂದು ಹಿಡಿದುಕೊಂಡಿದ್ದವು. 'ನೂರಕ್ಕೆ ನೂರು' ಎಂಬುದು ಅವನಿಗೂ ಕೇಳಿಸಿತು. ಅವನು ಬಿಟ್ಟ ಉಸಿರು ಸಮಾಧಾನದ್ದು ಎಂದುಕೊಂಡು ಕಚ್ಚಕ್ಕ ಅವನ ಭುಜ ತಟ್ಟಿ ಹೋದಳು.

ಡಾಕ್ಟರು, ಹಾಗಿದ್ದರೆ ಹೊಟ್ಟೆಯ ಸೋಂಕು ಎಂದಿಟ್ಟುಕೊಳ್ಳೋಣ, ಒಂದು ದಿನ ನೋಡೋಣ ಎಂದ. ಒಂದು ದಿನ ನೋಡಿದರು. ಹುಡುಗಿಯ ಹೊಟ್ಟೆ ಬಿಗಿಯಿತು. ತಮಟೆಯ ಚರ್ಮದ ಹಾಗೆ, ಎಂದಳು ತಾಯಿ. ಮುಖ ಮಾತ್ರ ಸಣ್ಣದಾಗುತ್ತ ಹೋಯಿತು.

ಮರುದಿನ ಕಚ್ಚಕ್ಕ ಮತ್ತೆ ಬಂದಾಗ ತಾಯಿ ಚೆಂಡನ್ನು ಬಟ್ಟೆಯ ತುಂಡಿನಲ್ಲಿ ಹಿಡಿದುಕೊಂಡು ನಿಂತಿದ್ದಳು. "ಇದರ ಮೇಲೆ ವಾಂತಿ ಮಾಡಿದ್ದಾಳೆ ಅಕ್ಕ. ಸ್ವಲ್ಪ ತೊಳೆದು ಕೊಡ್ತೀರಾ? ನಾನು ಇವಳನ್ನ ಬಿಟ್ಟು ಏಳಲಾರೆ."

ತೊಟ್ಟಿಯ ನಲ್ಲಿ ಸಣ್ಣಗೆ ಬರುತ್ತಿತ್ತು. ಕಚ್ಚಕ್ಕ ಸೋಪು ಹಚ್ಚಿ, ಎರಡೂ ಅಂಗೈಯಲ್ಲಿ ಚೆಂಡನ್ನು ಬಲವಾಗಿ ಹಿಂಡಿದಳು. ಅಂಗೈಯ ಮೇಲೆ ಒಂದು ನೀರ ಹನಿ ಉಳಿಯಿತು. ಕೈ ಓರೆ ಮಾಡಿದಳು. ಹನಿ ಹರಿಯಲಿಲ್ಲ, ಉರುಳಿತು. ಬೆರಳಿನಿಂದ ಮುಟ್ಟಿದಳು, ಒಡೆಯಲಿಲ್ಲ.

ಅವಳು ಸುತ್ತ ಯಾರಿದ್ದಾರೆಂದು ನೋಡಲಿಲ್ಲ. ಚೆಂಡನ್ನು ದವಡೆಗಿಟ್ಟು ಕಚ್ಚಿದಳು. ಹಲ್ಲು ಸಲೀಸಾಗಿ ಒಳಗಿಳಿಯಿತು. ತೆಳ್ಳನೆಯ ತೊಗಲು ಹರಿದು, ಬಾಯಿಯ ತುಂಬ ಕಾಳುಗಳು ಬಂದವು. ತಣ್ಣಗೆ, ಜಾರುವ, ಯಾವ ರುಚಿಯೂ ಇಲ್ಲದ ಕಾಳುಗಳು. ಅವಳು ತೊಟ್ಟಿಗೆ ಉಗುಳಿದಳು. ಬಿಳಿಯ ಪಿಂಗಾಣಿಯ ಮೇಲೆ ಅವು ಕಾಣಿಸಲೂ ಇಲ್ಲ. ಬೆರಳಾಡಿಸಿದಾಗಷ್ಟೇ ಇವೆ ಎಂದು ತಿಳಿಯಿತು.

ಅದೇನೆಂದು ಅವಳಿಗೆ ಗೊತ್ತಿತ್ತು. ನೀರು ಕುಡಿದು ಉಬ್ಬುವ ಮಣಿಗಳು. ಒಣಗಿದ್ದಾಗ ಸಾಸಿವೆಯಷ್ಟು, ಪೂರ್ತಿ ನೆನೆದಾಗ ಗೋಲಿಯಷ್ಟು, ಕೆಲವು ಅದಕ್ಕೂ ದೊಡ್ಡದು. ಅರ್ಧ ಉಬ್ಬಿದ್ದನ್ನು ನುಂಗಿದರೆ ಉಳಿದರ್ಧ ಕರುಳಿನಲ್ಲಿ ಉಬ್ಬುತ್ತದೆ. ಅವನ್ನು ಅವಳು ತನ್ನ ಕೋಣೆಯ ಹೊಸ್ತಿಲು ದಾಟಲು ಬಿಟ್ಟವಳಲ್ಲ.

ಹರಿದ ಚೆಂಡನ್ನು ಹಿಡಿದುಕೊಂಡು ಬಂದು ಬೆಂಚಿನ ಮುಂದೆ ನಿಂತಳು. ಬಾಯಿ ಒದ್ದೆಯಾಗಿತ್ತು.

"ತಾತ. ಇದು ಯಾವುದು?"

ತಾತ ಚೆಂಡನ್ನು ನೋಡಲಿಲ್ಲ. "ಜೋಡಿ," ಎಂದ.

"ಯಾರು ಕೊಟ್ರು?"

"ಬಸ್ ನಿಲ್ದಾಣದ ಹತ್ರದ ಅಂಗಡೀಲಿ ತಂದೆ. ಪಕ್ಕಪಕ್ಕ ಇಟ್ರೆ ನಂಗೇ ಗುರುತು ಸಿಗಲಿಲ್ಲ. ನಿಮ್ಮದು ತೊಳೆಯೋಕೆ ಹಾಕಿದಾಗಲೆಲ್ಲ ಇವಳು ಕಿರುಚಿ ಕಿರುಚಿ ನೀಲಿ ಆಗ್ತಿದ್ಲು. ನೀವು ಬರುತ್ತೆ ಬರುತ್ತೆ ಅಂತಿದ್ರಿ."

"ಹೊಸದನ್ನ ಇವಳು ಹೇಗೆ ಮುಟ್ಟಿದ್ಲು?"

"ನೀವೇ ಹೇಳಿದ್ರಲ್ಲಮ್ಮ, ಹಳೇದು ಮಾಡಿ ಕೊಡ್ಬೇಕು ಅಂತ." ಅವನ ದನಿಯಲ್ಲಿ ಎದುರುವಾದ ಇರಲಿಲ್ಲ. "ಮಾಡಿದೆ. ದಿನಾ ಬಿಸಿನೀರಲ್ಲಿ ಅದ್ದಿದೆ. ಗಡಿಯಾರದ ಗಾಜು ಉಜ್ಜೋ ಬಟ್ಟೇಲಿ ಉಜ್ಜಿದೆ. ಅವಳ ತಲೆ ಕೆಳಗೆ ಇಟ್ಟೆ. ನಿಮ್ಮದನ್ನ ಎದುರಿಗಿಟ್ಕೊಂಡು, ಎಲ್ಲೆಲ್ಲಿ ಮಬ್ಬಾಗಿದೆಯೋ ಅಲ್ಲಲ್ಲೇ ಮಬ್ಬು ಮಾಡಿದೆ. ಅವಳಿಗೂ ಗೊತ್ತಾಗಲಿಲ್ಲ. ನಿನ್ನೆ..." ಅವನು ನಿಲ್ಲಿಸಿದ. "ನಿನ್ನೆ ನಿಮಗೂ ಗೊತ್ತಾಗಲಿಲ್ಲ. ನೀವೇ ನೂರಕ್ಕೆ ನೂರು ಅಂದ ಮೇಲೆ, ಇದೂ ಅದೇ ತರದ್ದು ಇರಬೇಕು ಅಂದ್ಕೊಂಡೆ. ಬಾಯಿ ಬಿಡ್ಲಿಲ್ಲ."

ದಿನಾ ಬಿಸಿನೀರು ತಾಗಿ ಚೆಂಡಿನ ಎರಡು ಹೋಳುಗಳ ಬೆಸುಗೆ ಸಡಿಲಾಗಿತ್ತು. ಒತ್ತಿದಾಗ ಬಾಯಿ ತೆರೆದು, ಬಿಟ್ಟಾಗ ಮುಚ್ಚಿಕೊಳ್ಳುವ ಕೂದಲೆಳೆಯ ಬಿರುಕು. ಅಚ್ಚೊತ್ತಿದಂತೆ ನೆನಪಿರುವ ತನ್ನದೇ ಪಾಠದ ಒಂದೊಂದು ಮಾತೂ ಕಚ್ಚಕ್ಕನಿಗೆ ಆ ಬಿರುಕಿನಲ್ಲಿ ಕಾಣಿಸಿತು.

ಡಾಕ್ಟರ ಮುಂದೆ ಅವಳು ಸುತ್ತುಬಳಸಲಿಲ್ಲ. "ನಾನು ನಿನ್ನೆ ಹೇಳಿದ್ದು ತಪ್ಪು ಸರ್. ಇದು ನನ್ನ ಚೆಂಡಲ್ಲ. ಒಳಗೆ ನೀರಿನ ಮಣಿ ಇದೆ." ಡಾಕ್ಟರು ಒಂದು ಕಾಳನ್ನು ಬೆರಳುಗಳ ನಡುವೆ ಒತ್ತಿ ನೋಡಿದ. ಅವಳನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರವಾಗುತ್ತಿತ್ತೇನೋ. ಅವನು ದಾದಿಗೆ, "ಸ್ಕ್ಯಾನಿಂಗಿಗೆ ಹೇಳಿ, ಈಗಲೇ. ಆಪರೇಷನ್ ಕೋಣೆ ತಯಾರಿಡಿ," ಎಂದ. ಸ್ಕ್ಯಾನಿಂಗಿನ ಬೂದು ಪರದೆಯಲ್ಲಿ, ಕರುಳಿನ ತಿರುವೊಂದರಲ್ಲಿ, ಕಪ್ಪು ದುಂಡುಗಳು ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು.

ಕಾಯುವಾಗ ತಾತ ಇನ್ನೊಂದು ಮಾತು ಹೇಳಿದ. ಆ ಅಂಗಡಿಯವನು ನಗುತ್ತ ಅಂದಿದ್ದನಂತೆ: ನಿಮ್ಮ ಕೇಂದ್ರದವರು ಮೊನ್ನೆಯೂ ಒಬ್ಬರು ಇದನ್ನೇ ಒಯ್ದರು. ಕಚ್ಚಕ್ಕ ಅಲ್ಲೇ ನಿಂತು ಮನೆಮನೆಗೆ ಫೋನು ಮಾಡಿದಳು. ಒಬ್ಬ ತಾಯಿ, "ಹೌದಕ್ಕ, ದಿಂಬಿನ ಕೆಳಗಿದೆ, ಇನ್ನೂ ಹಳೇದಾಗಿಲ್ಲ, ಅದಕ್ಕೇ ಕೊಟ್ಟಿಲ್ಲ," ಎಂದಳು. "ಮಗು ಮುಟ್ಟದ ಕಡೆ ಎತ್ತಿಡಿ, ನಾನು ಬರ್ತೀನಿ," ಎಂದು ಹೇಳಿ ಕಚ್ಚಕ್ಕ ಮುಂದಿನ ಮನೆಗೆ ಫೋನು ಮಾಡಿದಳು.

ಡಾಕ್ಟರು ಹೊರಗೆ ಬಂದಾಗ ಸಂಜೆಯ ಬಿಸಿಲು ಹಜಾರದ ಅರ್ಧಕ್ಕೆ ಬಂದಿತ್ತು. ಕರುಳಿನ ಒಂದು ತುಂಡು ಸತ್ತಿತ್ತು, ಅದನ್ನು ಕತ್ತರಿಸಬೇಕಾಯಿತು ಎಂದ. ಒಂದು ದಿನ ಮೊದಲು ಆಗಿದ್ದರೆ ಎಂಬ ಮಾತನ್ನು ಅವನು ಆಡಲಿಲ್ಲ. ಬೆಂಚಿನ ಮೇಲಿದ್ದ ತಾತ, ಕಚ್ಚಕ್ಕ ಇಬ್ಬರೂ ಅದನ್ನು ಕೇಳಿಸಿಕೊಂಡರು. ಕೈಗೆ ಸಿಕ್ಕಿದ ಮಣಿಗಳನ್ನೆಲ್ಲ ತೆಗೆದಿದ್ದೇವೆ. ಒಂದೆರಡು ಕೆಳಗೆ ಜಾರಿರಬಹುದು. ಹೊಟ್ಟೆ ಮತ್ತೆ ಬಿಗಿದರೆ ಮತ್ತೆ ತೆರೆಯಬೇಕು. ಕಾಯೋಣ, ಎಂದ ಡಾಕ್ಟರು.

ಕಾದರು. ತಾಯಿ ತನ್ನ ಮಾವನಾದ ಆ ತಾತನೊಂದಿಗೆ ಮಾತಾಡಲಿಲ್ಲ. ಕಚ್ಚಕ್ಕನನ್ನು ಬಾಗಿಲಲ್ಲೇ ತಡೆದಳು.

"ನಿಮ್ಮ ಮೇಲೆ ಕೋಪ ಇಲ್ಲ ಅಕ್ಕ. ಕೋಪ ಮಾಡ್ಕೊಳ್ಳೋಕೂ ಶಕ್ತಿ ಇಲ್ಲ. ಆದ್ರೆ ಇನ್ನು ನೀವು ಕೊಟ್ಟಿದ್ದನ್ನ ಅವಳ ಕೈಗೆ ಇಡೋಕೆ ನನ್ನ ಕೈ ಬರಲ್ಲ."

"ಸರಿಯಮ್ಮ."

ಅಷ್ಟರಲ್ಲಿ ಒಳಗೆ ಹುಡುಗಿ ಎಚ್ಚೆತ್ತಳು. ಮೂಗಿನ ನಳಿಕೆ ಕೀಳಬಾರದೆಂದು ಅವಳ ಎರಡೂ ಮುಂಗೈಗಳನ್ನು ಮೆತ್ತನೆಯ ಪಟ್ಟಿಯಿಂದ ಮಂಚದ ಕಂಬಿಗೆ ಕಟ್ಟಿದ್ದರು. ಬಲಗೈಯ ಬೆರಳುಗಳು ತೆರೆದವು, ಮುಚ್ಚಿದವು, ತೆರೆದವು, ಮುಚ್ಚಿದವು. ಏನೂ ಸಿಗಲಿಲ್ಲ. ಮಂಚ ಅಲುಗತೊಡಗಿತು. ಹೊಲಿಗೆ ಬಿಟ್ಟುಕೊಳ್ಳುತ್ತೆ, ಕೈಗೆ ಏನಾದರೂ ಕೊಡಿ ಎಂದಳು ದಾದಿ.

ತಾಯಿ ತಿರುಗಿ, ಈಗಷ್ಟೇ ತಡೆದವಳನ್ನೇ ನೋಡಿದಳು. "ಏನು ಕೊಡ್ಲಿ? ಹೇಳಿ ಅಕ್ಕ. ನಂಗೆ ಇನ್ಯಾರೂ ಇಲ್ಲ ಕೇಳೋಕೆ."

ಕಚ್ಚಕ್ಕನ ಚೀಲದಲ್ಲಿ ನಾಲ್ಕಾರು ವಸ್ತುಗಳಿದ್ದವು. ಮೂಸಿದ್ದು, ಜಗ್ಗಿದ್ದು, ಎಸೆದದ್ದು, ಕಡಿದದ್ದು. ಅವಳ ಕೈ ಚೀಲದೊಳಗೆ ಹೋಯಿತು. ಅಲ್ಲಿಯೇ ನಿಂತಿತು.

"ನಂಗೆ ಗೊತ್ತಾಗ್ತಿಲ್ಲಮ್ಮ," ಎಂದಳು.

ತಾಯಿ ಮಂಚದ ಬಳಿಗೆ ಹೋದಳು. ಆಮೇಲೆ ಅಂಗಿಯ ತೋಳು ಮೇಲೆ ಸರಿಸಿ, ಇಸ್ತ್ರಿಯ ಸುಟ್ಟ ಕಲೆಗಳಿದ್ದ ತನ್ನ ಮುಂಗೈಯನ್ನು ಆ ಬೆರಳುಗಳೊಳಗೆ ಇಟ್ಟಳು. ಹುಡುಗಿ ಹಿಡಿದಳು. ಹಿಸುಕಿದಳು. ಉಗುರು ಇಳಿದ ಕಡೆ ಚರ್ಮ ಬಿಳಿಚಿತು, ಆಮೇಲೆ ಕೆಂಪಾಯಿತು.

ಮಂಚ ಅಲುಗುವುದು ನಿಂತಿತು. ತಾಯಿ ಇನ್ನೊಂದು ಕೈಯನ್ನು ಮಗಳ ಹೊಟ್ಟೆಯ ಮೇಲೆ, ಹೊಲಿಗೆಗೆ ತಾಗದಂತೆ, ಇಟ್ಟುಕೊಂಡು ಕೂತಳು. ಬಿಗಿಯುತ್ತಿದೆಯೋ ಇಲ್ಲವೋ ಎಂದು ಅಂಗೈಯಲ್ಲೇ ಕಾಯುತ್ತ.